ಬೂದಿಹಕ್ಕಿಗೆ ಹಾಕಿದ ಕಾಳು

ಆ ಊರಿನ ಹೆಸರು ಬೇಡ. ಹೆಸರು ಹೇಳಿದ ಕೂಡಲೇ ನೀವು ದಾರಿ ಕೇಳುತ್ತೀರಿ, ದಾರಿ ಹೇಳಿದರೆ ಹೊರಟೇಬಿಡುತ್ತೀರಿ, ಆಮೇಲೆ ಕಥೆ ಕೇಳುವವರು ಯಾರು? ಗುಡ್ಡದ ಬೆನ್ನಿಗೆ ಒರಗಿಕೊಂಡ ಊರು, ಮನೆಗೊಂದು ಹಿತ್ತಿಲು, ಹಿತ್ತಿಲಿಗೊಂದು ಮೋಟುಗೋಡೆ. ಇಷ್ಟು ಸಾಕು. ಹಕ್ಕಿ ಬಂದು ಕೂರುತ್ತಿದ್ದದ್ದು ಆ ಮೋಟುಗೋಡೆಯ ಮೇಲೆ.

ಆ ಊರಿನಲ್ಲಿ ಹುಟ್ಟಿದವರಿಗೆಲ್ಲ ಒಂದೊಂದು ಹಕ್ಕಿ. ಒಲೆಯಿಂದ ಗೋರಿ ತೆಗೆದ ಬೂದಿಯ ಬಣ್ಣ, ಒಂದು ಹಿಡಿಯಷ್ಟು ಗಾತ್ರ. ದಿನಕ್ಕೊಮ್ಮೆ ಬರುತ್ತಿತ್ತು, ಗೋಡೆಯ ಮೇಲೆ ಕೂರುತ್ತಿತ್ತು, ಕತ್ತು ಓರೆ ಮಾಡಿ ಒಂದೇ ಒಂದು ಮಾತು ಆಡುತ್ತಿತ್ತು. ಹಕ್ಕಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದರ ಮಾತು ಮಾತ್ರ ಯಾರ ಹಕ್ಕಿಯೋ ಅವರ ಕಿವಿಗಷ್ಟೇ. ಒಳ್ಳೆಯ ಮಾತಲ್ಲ. ಯಾರಿಗೆ ಯಾವುದು ಪ್ರಾಣವೋ ಅದರ ಬುಡಕ್ಕೇ ಕೊಕ್ಕು ಹಾಕುವ ಮಾತು. ಪೂಜಾರಿಗೆ ದೇವರ ಬಗ್ಗೆ ಹೊಲಸು, ಮೇಷ್ಟರಿಗೆ ಮಕ್ಕಳ ಬಗ್ಗೆ ಕೆಡುಕು, ಹೊಸದಾಗಿ ಮದುವೆಯಾದವನಿಗೆ ಹೆಂಡತಿಯ ಬಗ್ಗೆ ಗುಮಾನಿ. ಊರಿನವರು ಕೇಳಿಸಿಕೊಳ್ಳುತ್ತಿದ್ದರು, ‘ಹೂಂ’ ಎನ್ನುತ್ತಿದ್ದರು, ಹಲ್ಲುಜ್ಜಲು ಹೋಗುತ್ತಿದ್ದರು. ಹಕ್ಕಿ ಇನ್ನಷ್ಟು ಹೊತ್ತು ಕೂತು, ಮೈ ಕೆರೆದುಕೊಂಡು, ಹಾರಿಹೋಗುತ್ತಿತ್ತು.

ಇದರ ಮೇಲೆ ಒಂದು ಕಟ್ಟುಪಾಡು. ನಿನ್ನ ಹಕ್ಕಿ ಆಡಿದ ಮಾತನ್ನು ಇನ್ನೊಬ್ಬರ ಮುಂದೆ ಆಡಕೂಡದು. ಯಾರು ಮಾಡಿದ್ದೋ, ಯಾವ ಕಾಲದ್ದೋ. ಗಂಡ ಹೆಂಡತಿಗೆ ಹೇಳುವಂತಿಲ್ಲ, ತಾಯಿ ಮಗಳಿಗೆ ಹೇಳುವಂತಿಲ್ಲ. ಹೀಗಾಗಿ ಆ ಊರಿನಲ್ಲಿ ಪ್ರತಿಯೊಬ್ಬರೂ ಒಳಗೊಳಗೇ ಅಂದುಕೊಂಡಿದ್ದರು, ಕೆಟ್ಟ ಮಾತಾಡುವ ಹಕ್ಕಿ ತನ್ನದೊಂದೇ, ಪಕ್ಕದ ಮನೆಯ ಹಕ್ಕಿ ಮಳೆ ಬಿಸಿಲಿನ ಸಮಾಚಾರ ಹೇಳುತ್ತಿರಬೇಕು ಎಂದು. ಹಾಗಾದರೆ ಪೂಜಾರಿಯ ಹಕ್ಕಿಯ ಮಾತು ನನಗೆ ಹೇಗೆ ಗೊತ್ತಾಯಿತು ಎಂದು ಅಡ್ಡಪ್ರಶ್ನೆ ಹಾಕಬೇಡಿ. ಕಥೆ ಹೇಳುವವನಿಗೆ ಇಷ್ಟೂ ಗೊತ್ತಿರಬಾರದೆ?

ಆ ಊರಿನಲ್ಲಿ ಎರೆಯುವಾಕೆ ಒಬ್ಬಳಿದ್ದಳು. ಎಳೆಯ ಮಕ್ಕಳಿಗೆ ನೀರೆರೆಯುವುದೇ ಅವಳ ಕೆಲಸ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಬೆಳಗ್ಗೆ ಹಂಡೆಯ ನೀರು ಕಾಯುವ ಹೊತ್ತಿಗೆ ಅವಳು ಅಲ್ಲಿರುತ್ತಿದ್ದಳು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೀರೆ ಮೊಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ಎರಡೂ ಕಾಲು ನೀಡಿ, ಪಾದ ಜೋಡಿಸುವಳು. ಆ ಕಾಲುಗಳ ಮೇಲೆ ಮಗು. ಮೊದಲು ಬೋರಲು, ಆಮೇಲೆ ಅಂಗಾತ. ಹರಳೆಣ್ಣೆ ಹಚ್ಚಿ ನೀವುವಳು, ಮೊಣಕೈ ಅದ್ದಿ ನೀರಿನ ಹದ ನೋಡುವಳು, ಹಣೆಗೆ ಎಡಗೈ ಅಡ್ಡ ಹಿಡಿದು ಬಲಗೈಯಲ್ಲಿ ಚೊಂಬಿನಿಂದ ಸುರಿಯುವಳು. ‘ಬೆನ್ನೇ ಬಿದಿರಾಗು, ತೊಡೆಯೇ ಕಂಬವಾಗು, ನೆತ್ತಿಯೇ ತಣ್ಣಗಿರು’ ಎಂದು ಒಂದೊಂದು ಚೊಂಬಿಗೆ ಒಂದೊಂದು ಮಾತು. ಊರಿನಲ್ಲಿ ಮೂವತ್ತರ ಒಳಗಿನ ಯಾರನ್ನೇ ಹಿಡಿಯಿರಿ, ಅವಳ ಕಾಲಿನ ಮೇಲೆ ಕಿರುಚಿ, ಆಮೇಲೆ ಅಲ್ಲೇ ನಿದ್ದೆ ಹೋದವರೇ. ಮೀಸೆ ತಿರುವುವ ಗಂಡಸು ಎದುರಾದರೂ ಅವಳು ‘ನಿನ್ನ ಬೆನ್ನ ಮೇಲೆ ಕೂದಲಿತ್ತು, ಕಡಲೆಹಿಟ್ಟು ತಿಕ್ಕಿ ತಿಕ್ಕಿ ನಾನೇ ತೆಗೆದದ್ದು’ ಎನ್ನುವಳು. ಅವನು ಮೀಸೆ ಬಿಟ್ಟು ನಡೆಯುವನು.

ಅವಳ ಹಕ್ಕಿ ಹೇಳುತ್ತಿದ್ದದ್ದು, ‘ಬಿಟ್ಟುಬಿಡ್ತೀಯ.’ ಅಷ್ಟೇ. ಮಗುವನ್ನು ಕೈಬಿಟ್ಟುಬಿಡ್ತೀಯ. ಮೂವತ್ತು ವರ್ಷದಿಂದ ಅದೇ ಮಾತು. ಮೂವತ್ತು ವರ್ಷದಿಂದ ಅವಳೂ ‘ಹೂಂ’ ಎಂದು ಹಂಡೆಗೆ ಸೌದೆ ಒಟ್ಟುತ್ತಿದ್ದಳು.

ಒಂದು ದಿನ ಕೆಳಬೀದಿಯ ಮನೆಯಲ್ಲಿ, ಎಣ್ಣೆ ಹೆಚ್ಚಾಗಿತ್ತೋ ಏನೋ, ಮಗು ಅವಳ ಕಾಲಿನಿಂದ ಒಂದು ಬೆರಳಷ್ಟು ಜಾರಿತು. ಒಂದೇ ಬೆರಳು. ಕೈ ತಾನಾಗಿ ಹೋಗಿ ಹಿಡಿಯಿತು. ಮಗುವಿಗೆ ಬಿಕ್ಕಳಿಕೆ ಬಂತು, ನಿಂತಿತು. ಯಾರೂ ನೋಡಲಿಲ್ಲ. ಮರುದಿನ ಹಕ್ಕಿ ಬಂದು ‘ಬಿಟ್ಟುಬಿಡ್ತೀಯ’ ಎಂದಾಗ ಅವಳಿಗೆ ‘ಹೂಂ’ ಎನ್ನಲು ಬಾಯಿ ಬರಲಿಲ್ಲ. ಮೊರದಲ್ಲಿ ಅಕ್ಕಿ ಇತ್ತು. ಒಂದು ಹಿಡಿ ತೆಗೆದು ಗೋಡೆಯ ಮೇಲೆ ಎಸೆದಳು. ಹಕ್ಕಿ ತಿಂದಿತು. ಬಾಯಲ್ಲಿ ಕಾಳಿದ್ದಾಗ ಮಾತೆಲ್ಲಿಂದ ಬರಬೇಕು? ಅವಳ ಎದೆಗೆ, ಉರಿಬಿಸಿಲಲ್ಲಿ ನಡೆದು ಬಂದವಳಿಗೆ ಮಜ್ಜಿಗೆ ಇಳಿದ ಹಾಗೆ ಆಯಿತು.

ಕೆಟ್ಟದ್ದು ಆ ಮಜ್ಜಿಗೆಯೇ ನೋಡಿ.

ಮರುದಿನ ಹಕ್ಕಿ ಎರಡು ಸಲ ಬಂತು. ಅದರ ಮರುದಿನ ಬಳಗ ಕರೆದುಕೊಂಡು ಬಂತು. ಒಂದು ಹಿಡಿ ಹೋಗಿ ಮೂರು ಹಿಡಿಯಾಯಿತು, ಮೂರು ಹೋಗಿ ಏಳಾಯಿತು. ಏಳನ್ನೂ ಬಲಗೈಯಲ್ಲೇ ಹಾಕಬೇಕು. ಒಂದು ಕಾಳೂ ಗೋಡೆಯ ಈಚೆ ಬೀಳಕೂಡದು. ಬಿದ್ದರೆ ಮತ್ತೆ ಮೊದಲಿಂದ. ಏಳು ಹಿಡಿ ಹಾಕಿದಳು, ಒಂದು ಕಾಳು ಈಚೆ ಬಿತ್ತು, ಮತ್ತೆ ಏಳು ಹಾಕಿದಳು. ಏಳು ಹಿಡಿ ಸರಿಯಾಗಿ ಬಿತ್ತು, ಆದರೆ ಐದನೆಯದು ಎಡಗೈಯದೋ ಎಂಬ ಅನುಮಾನ ಬಂತು, ಮತ್ತೆ ಏಳು ಹಾಕಿದಳು. ಗೋಡೆ ಕಾಣದಷ್ಟು ಹಕ್ಕಿ. ಎಲ್ಲದರ ಬಾಯಲ್ಲೂ ಒಂದೇ ಮಾತು.

ಅವಳ ಗಂಡ ಹಗ್ಗ ಹೊಸೆಯುವವನು. ಮಾತು ಕಡಿಮೆ, ಕರುಳು ದೊಡ್ಡದು. ಹಿತ್ತಿಲಲ್ಲಿ ನಾರು ನೆನೆಹಾಕುತ್ತಿದ್ದವನು ಇದನ್ನು ನೋಡಿದ. ಅವಳು ಹಿಡಿಹಿಡಿಗೂ ತಿರುಗಿ ಕೇಳುವಳು.

“ರೀ, ನಾನು ಬಿಡಲಿಲ್ಲ ತಾನೇ?”

“ಬಿಡಲಿಲ್ಲ ಕಣೇ.”

“ನಿಜವಾಗಿ?”

“ನನ್ನಾಣೆ, ಬಿಡಲಿಲ್ಲ.”

ಅಷ್ಟು ಹೊತ್ತಿಗೆ ಸಮಾಧಾನ. ಚೊಂಬು ಬಾವಿಗೆ ಬಿದ್ದು ಮುಳುಗುವಷ್ಟು ಹೊತ್ತು. ಮತ್ತೆ ಕೇಳುವಳು. ಏನು ಬಿಡುವುದು, ಯಾಕೆ ಬಿಡುವುದು, ಅವನಿಗೆ ತಿಳಿಯದು. ಕಟ್ಟುಪಾಡು ಇದೆಯಲ್ಲ, ಅವನೂ ಕೇಳಲಿಲ್ಲ. ಅವಳ ತೋಳು ಸೋತಾಗ ತಾನೇ ಮೊರ ಹಿಡಿದು ಅವಳ ಪರವಾಗಿ ಕಾಳು ಹಾಕಿದ. ಕಡೆಕಡೆಗೆ ಅವನು ಹೊಸೆದ ಹಗ್ಗಕ್ಕಿಂತ ಎಸೆದ ಅಕ್ಕಿಯೇ ಹೆಚ್ಚು.

ಎರೆಯುವಾಕೆ ಎರೆಯುವುದನ್ನು ಬಿಟ್ಟಳು. ಸೊಂಟ ನೋವು ಎಂದಳು. ಊರು ನಂಬಿತು.

ಹೀಗಿರುವಾಗ ಮಗಳು ಹೆರಿಗೆಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಐದನೆಯ ತಿಂಗಳು ತುಂಬಿದ ಮೇಲೆ ಗಾಡಿ ಕಳಿಸುತ್ತೇವೆ, ಬಾಣಂತನ ಮುಗಿಸಿ ಕಳಿಸಿಕೊಡಿ ಎಂದು ಅಳಿಯನ ಮನೆಯಿಂದ ಹೇಳಿಕಳಿಸಿದರು. ಮೂರು ಹಗಲಿನ ದಾರಿ; ಹೋದರೆ ಮತ್ತೆ ಬರುವುದು ಯಾವ ಕಾಲಕ್ಕೋ. ಐದು ತಿಂಗಳು ಎರೆಯುವಾಕೆಯ ಕೈಯಲ್ಲಿತ್ತು. ಕೈ ಮಾತ್ರ ಅವಳ ಕೈಯಲ್ಲಿರಲಿಲ್ಲ.

ಮಗುವಿಗೆ ಎರೆಯಲು ಪಕ್ಕದ ಮನೆಯ ಹಪ್ಪಳದಾಕೆ ಬರುತ್ತಿದ್ದಳು. ಉದ್ದು ಕುಟ್ಟಿ ಹಪ್ಪಳ ಲಟ್ಟಿಸಿ ಮಾರುವವಳು. ಮಗುವನ್ನೂ ಹಿಟ್ಟು ನಾದಿದ ಹಾಗೆ ನಾದುವಳು. ಎರೆಯುವಾಕೆ ಬಚ್ಚಲಿನ ಗೋಡೆಯ ಈಚೆ ನಿಂತು, ಗೋಡೆಗೆ ಕಿವಿಯಿಟ್ಟು, ನೀರಿನ ಸದ್ದು ಕೇಳುವಳು. ಇದು ಬೆನ್ನಿಗೆ ಬಿದ್ದ ನೀರು. ಇದು ತೊಡೆಗೆ. ಇದು ಎತ್ತರದಿಂದ ಬಿತ್ತು, ಮೂಗಿಗೆ ಹೋಗಿರಬೇಕು. ಹೋಯಿತು, ಸೀನಿತು. ಅವಳ ಬಲಗೈ ಇಲ್ಲದ ಚೊಂಬನ್ನು ಹಿಡಿದು ಓರೆಯಾಗುವುದು, ಎಡಗೈ ಇಲ್ಲದ ಹಣೆಗೆ ಅಡ್ಡ ಹೋಗುವುದು. ಆಮೇಲೆ ಸಾಂಬ್ರಾಣಿಯ ಹೊಗೆ ಬಾಗಿಲ ಸಂದಿಯಿಂದ ಬರುವುದು, ಹೊಗೆಯೊಳಗೆ ಆ ವಾಸನೆ, ಎಣ್ಣೆ, ಹಾಲು, ಬಿಸಿನೀರಲ್ಲಿ ಮಿಂದ ನೆತ್ತಿ. ಅವಳು ಹೊಗೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳಲು ನೋಡುವಳು.

ಮೂರನೆಯ ತಿಂಗಳ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗಿದ್ದಾಗ, ಮಗಳಿಗೆ ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದಳು. ಅಮ್ಮ ಮಣೆ ಹಾಕಿ ಕಾಲು ನೀಡಿ ಕೂತಿದ್ದಳು. ಕಾಲಿನ ಮೇಲೆ ಎಳೆಯ ಬೂದುಗುಂಬಳಕಾಯಿ. ಅದಕ್ಕೆ ಎಣ್ಣೆ ಹಚ್ಚಿ, ಹಣೆ ಇರಬೇಕಾದ ಕಡೆ ಕೈ ಅಡ್ಡ ಹಿಡಿದು, ಬೆಚ್ಚನೆಯ ನೀರು ಸುರಿಯುತ್ತಿದ್ದಳು. “ಬೆನ್ನೇ ಬಿದಿರಾಗು” ಎನ್ನುತ್ತಿದ್ದಳು.

ಮಗಳು ಮೊದಲು ನಕ್ಕಳು. ನಗು ಮುಗಿಯುವ ಮುಂಚೆ ಅಳು ಬಂತು.

“ಊರಿನ ಮಕ್ಕಳಿಗೆಲ್ಲ ಎರೆದೆ. ಈಗ ಕುಂಬಳಕಾಯಿಗೂ ಎರೀತೀಯ. ನನ್ನ ಮಗು ಏನು ಮಾಡಿತ್ತಮ್ಮ ನಿನಗೆ? ಹೆಣ್ಣು ಅಂತ ತಾನೇ?”

“ಅಲ್ಲ ಕಣೇ.”

“ಮತ್ತೆ ಸೊಂಟ ನೋವು ಅಂತೀಯಾ? ಕೂತಿದ್ದೀಯಲ್ಲ ಇಲ್ಲಿ, ಮಹಾರಾಣಿ ಹಾಗೆ.”

“ನನ್ನ ಹಕ್ಕಿ…” ಎಂದಳು ಎರೆಯುವಾಕೆ. ನಾಲಿಗೆ ಅಲ್ಲಿಗೆ ನಿಂತಿತು. ಕಟ್ಟುಪಾಡು.

ಹಿತ್ತಿಲಲ್ಲಿ ಚಾಪೆಯ ಮೇಲೆ ಹಪ್ಪಳ ಮಗುಚುತ್ತಿದ್ದ ಹಪ್ಪಳದಾಕೆ ಮೋಟುಗೋಡೆಯ ಆಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಕೇಳಿಸಿಕೊಳ್ಳದೆ ಇರುವ ಜಾಯಮಾನವೂ ಅವಳದಲ್ಲ. ಹಕ್ಕಿಗಳ ನಡುವೆ ಕೈಯಾಡಿಸಿ ಜಾಗ ಮಾಡಿಕೊಂಡು, ಗೋಡೆಯ ಮೇಲೆ ಮೊಣಕೈ ಊರಿದಳು.

“ಅಕ್ಕಾ, ಸುಟ್ಟುಹೋಗಲಿ ಕಟ್ಟುಪಾಡು, ನಾನು ಹೇಳಿಬಿಡ್ತೀನಿ. ನನ್ನ ಹಕ್ಕಿ ಏನನ್ನುತ್ತೆ ಗೊತ್ತಾ? ‘ಹಪ್ಪಳದ ಹಿಟ್ಟಿಗೆ ವಿಷ ಕಲಸಿದ್ದೀಯ’ ಅನ್ನುತ್ತೆ. ಇಪ್ಪತ್ತು ವರ್ಷದಿಂದ ಅನ್ನುತ್ತೆ. ನೆನ್ನೆ ನೀನು ಊಟಕ್ಕೆ ನಂಚಿಕೊಂಡೆಯಲ್ಲ, ಆ ಹಪ್ಪಳಕ್ಕೂ ಅಂದಿತ್ತು.”

ಎರೆಯುವಾಕೆ ಚೊಂಬು ಕೆಳಗಿಟ್ಟಳು. “ಅಂದಾಗ ನೀನೇನು ಮಾಡಿದೆ?”

“ಕರಿದೆ.”

ಆಮೇಲೆ ಎರೆಯುವಾಕೆ, ನೆಲ ನೋಡುತ್ತಾ, ಮಗಳಿಗೆ ತನ್ನ ಹಕ್ಕಿಯ ಮಾತನ್ನು ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಬೆವರಿದ್ದಳು. ಮಗಳು ಮಗುವನ್ನು ಎದೆಗೊತ್ತಿಕೊಂಡು ಓಡಿಹೋಗುತ್ತಾಳೆ ಎಂದುಕೊಂಡಿದ್ದಳು. ಮಗಳು ಕುಂಬಳಕಾಯಿಯನ್ನು ಎತ್ತಿ ಪಕ್ಕಕ್ಕಿಟ್ಟು, ಅಮ್ಮನ ಒದ್ದೆ ಕಾಲಿನ ಮೇಲೆ ತಲೆಯಿಟ್ಟಳು.

“ನಾನೂ ಒಂದು ಕಾಲದಲ್ಲಿ ಹಪ್ಪಳದ ಉಂಡೆ ಮಾಡೋದು ಬಿಟ್ಟು ಕಾಳು ಎಸೀತಾ ಕೂತಿದ್ದೆ ಅಕ್ಕಾ,” ಎಂದಳು ಹಪ್ಪಳದಾಕೆ. “ಗುಡ್ಡದ ತಿರುವಿನಲ್ಲಿ ಒಣಗುವ ಚಾವಡಿ ಅಂತ ಇದೆ. ಒಬ್ಬ ವೈದ್ಯೆ ಇದ್ದಾಳೆ. ಒಂದು ಒದ್ದೆ ಬಟ್ಟೆ ತಗೊಂಡು ಹೋಗು. ಬುತ್ತಿಯೂ ಕಟ್ಟಿಕೋ, ಅಲ್ಲಿ ಊಟ ಹಾಕಲ್ಲ.”

ಒಣಗುವ ಚಾವಡಿಗೆ ಗೋಡೆಗಳಿರಲಿಲ್ಲ. ಕಂಬಗಳು, ಮೇಲೆ ಹುಲ್ಲಿನ ಮಾಡು, ಕಂಬದಿಂದ ಕಂಬಕ್ಕೆ ಹಗ್ಗ. ಹಗ್ಗದ ತುಂಬ ಒದ್ದೆ ಬಟ್ಟೆ. ಪ್ರತಿ ಬಟ್ಟೆಯ ಕೆಳಗೆ ಒಬ್ಬರು ಕೂತಿದ್ದರು, ಪ್ರತಿಯೊಬ್ಬರ ಎದುರಿಗೂ ಅವರವರ ಹಕ್ಕಿ ಕೂತಿತ್ತು. ಯಾರ ಕೈಯಲ್ಲೂ ಕಾಳಿರಲಿಲ್ಲ. ಕೆಲವರು ಅಳುತ್ತಿದ್ದರು, ಕೆಲವರು ಆಕಳಿಸುತ್ತಿದ್ದರು. ಅಳುತ್ತಾ ಕೂತವರು ಆಕಳಿಸುವವರೆಗೂ ಕೂರುವುದೇ ಅಲ್ಲಿಯ ಚಿಕಿತ್ಸೆ ಎಂದು ಎರೆಯುವಾಕೆಗೆ ಆಮೇಲೆ ತಿಳಿಯಿತು.

ವೈದ್ಯೆ ಎಂದರೆ ಎರೆಯುವಾಕೆಯ ಮಗಳ ವಯಸ್ಸಿನವಳು. ತುರುಬಿಗೆ ಸೀಸದಕಡ್ಡಿ ಸಿಕ್ಕಿಸಿಕೊಂಡಿದ್ದಳು.

“ನಾನು ಇಲ್ಲೇ ಇದ್ದುಬಿಡ್ತೀನಿ ತಾಯಿ. ವಾಸಿಯಾದ ಮೇಲೆ ಹೋಗ್ತೀನಿ,” ಎಂದಳು ಎರೆಯುವಾಕೆ. ಮನಸ್ಸಿನಲ್ಲಿ, ನಾನಿಲ್ಲದಿದ್ದರೆ ಮಗುವಿಗೆ ಕ್ಷೇಮ ಎಂಬ ಲೆಕ್ಕ.

“ಇಲ್ಲಿ ಹಾಸಿಗೆ ಇಲ್ಲಮ್ಮ. ಇದು ಬಂದು ಹೋಗುವವರ ಚಾವಡಿ. ಬೆಳಗ್ಗೆ ಬರಬೇಕು, ಸಂಜೆಗೆ ಮನೆಗೆ ಹೋಗಬೇಕು. ಸೋಮವಾರ, ಗುರುವಾರ. ನಿಮ್ಮ ಗೋಡೆ ನಿಮ್ಮ ಮನೆಯಲ್ಲಿದೆ. ನೀವು ಇಲ್ಲಿ ಮಲಗಿದರೆ ಆ ಗೋಡೆಯ ಎದುರು ಕೂರೋರು ಯಾರು?”

“ಹಕ್ಕಿ ಓಡಿಸೋ ಮಂತ್ರ ಏನಾದರೂ…”

“ನನ್ನದು ಅಲ್ಲಿದೆ ನೋಡಿ,” ಎಂದು ವೈದ್ಯೆ ಮಾಡಿನ ಜಂತೆಯ ಕಡೆ ಬೆರಳು ತೋರಿದಳು. ಅಲ್ಲಿ ಒಂದು ಬೂದಿಹಕ್ಕಿ ಕತ್ತು ಓರೆ ಮಾಡಿ ಕೂತಿತ್ತು. “ನಿಮಗೆ ನಾನು ಹೇಳ್ತಿರೋದೆಲ್ಲ ತಪ್ಪು, ನನ್ನಿಂದ ನೀವು ಹಾಳಾಗ್ತೀರಿ ಅಂತ ಈಗಲೂ ಹೇಳ್ತಾ ಇದೆ. ಮಂತ್ರ ಇದ್ದಿದ್ದರೆ ನಾನು ಮೊದಲು ಅದಕ್ಕೆ ಹಾಕ್ತಿದ್ದೆ.”

ಎರೆಯುವಾಕೆಗೆ ಇದು ಹಿಡಿಸಲಿಲ್ಲ. ಹಕ್ಕಿ ಇರುವ ವೈದ್ಯೆಯಿಂದ ಏನು ಪ್ರಯೋಜನ? ಆದರೂ ಬಂದದ್ದಾಗಿತ್ತು. ಕೇಳಬೇಕಾದ ಒಂದು ಮಾತಿತ್ತು, ಅದನ್ನು ಕೇಳಿದಳು.

“ಒಂದೇ ಒಂದು ಮಾತು ಹೇಳಿಬಿಡಿ ತಾಯಿ. ಓದಿದವರು ನೀವು. ನಾನು ಬಿಡೋದಿಲ್ಲ ಅಂತ ಹೇಳಿ. ನಿಮ್ಮ ಬಾಯಲ್ಲಿ ಒಂದು ಸಲ ಬಂದರೆ ನನಗೆ ಸಾಕು.”

“ಹೇಳೋದಿಲ್ಲ.”

“ಅಂದರೆ ಬಿಡ್ತೀನಾ?”

“ಅದನ್ನೂ ಹೇಳೋದಿಲ್ಲ. ಹೇಳಿದರೆ ಅದೂ ಕಾಳೇ ಅಮ್ಮ. ಹಿಡಿ ಅಕ್ಕಿ ಎಸೆದರೂ ಕಾಳು, ‘ಬಿಡಲ್ಲ ಬಿಡಲ್ಲ’ ಅಂತ ನಾನು ಅಂದರೂ ಕಾಳು. ನಿಮ್ಮ ಯಜಮಾನರು ಆಣೆ ಹಾಕ್ತಾರೆ ಅಂದಿರಲ್ಲ, ಅದು ಎಲ್ಲಕ್ಕಿಂತ ದಪ್ಪ ಕಾಳು.”

ಎರೆಯುವಾಕೆಗೆ ಮೈ ಉರಿಯಿತು. ಆದರೆ ಬಟ್ಟೆ ಆಗಲೇ ಹಗ್ಗದ ಮೇಲಿತ್ತು. ಅವಳು ತಂದದ್ದು ಒಂದು ಹಳೆಯ ಮೆತ್ತನೆಯ ಸೀರೆಯ ತುಂಡು. ವೈದ್ಯೆ ಒಂದೇ ಕೆಲಸ ಹೇಳಿದಳು: ಹಕ್ಕಿ ಮಾತಾಡಲಿ, ಕಾಳು ಹಾಕಬೇಡಿ, ಓಡಿಸಬೇಡಿ, ಕಿವಿ ಮುಚ್ಚಬೇಡಿ, ಬಟ್ಟೆ ಒಣಗುವವರೆಗೆ ಕೂತಿರಿ. ಹಿಂಡಿದರೆ ನೀರು ಬೇಗ ಹೋಗುತ್ತದೆ ಎಂದು ಹಿಂಡಲು ಹೋಗಬೇಡಿ, ಇಲ್ಲಿ ಹಿಂಡುವಂತಿಲ್ಲ. ಜೊತೆಗೆ ಒಂದು ಕಷಾಯ ಕೊಟ್ಟಳು. ದಿನವೂ ಕುಡಿಯಬೇಕು, ಕೆಲವರಿಗೆ ಅದು ಬೇಕು, ಕೆಲವರಿಗೆ ಬೇಡ, ನಿಮಗೆ ಬೇಕು; ಫಲ ಕಾಣಲು ಆರು ವಾರವಾದರೂ ಹಿಡಿಯುತ್ತದೆ, ಎರಡನೆಯ ದಿನವೇ ಬಂದು ಜಗಳ ಮಾಡಬೇಡಿ ಎಂದಳು.

ಕೂತಳು. ಮನೆಯಿಂದ ಬೆನ್ನಹಿಂದೆಯೇ ಹಾರಿಬಂದಿದ್ದ ಹಕ್ಕಿ ‘ಬಿಟ್ಟುಬಿಡ್ತೀಯ’ ಎಂದಿತು. ಕೈ ಮಡಿಲಲ್ಲಿ ಕಾಳು ಹುಡುಕಿತು, ಕಾಳಿರಲಿಲ್ಲ. ಹಕ್ಕಿ ಮತ್ತೆ ಎಂದಿತು. ಬಟ್ಟೆಯ ಅಂಚಿನಿಂದ ಒಂದು ಹನಿ ಬಿತ್ತು. ಹಕ್ಕಿ ಎಂದಿತು, ಹನಿ ಬಿತ್ತು. ಸತ್ತೇಹೋಗುತ್ತೇನೆ ಎನಿಸಿತು, ಸಾಯಲಿಲ್ಲ. ಹನಿ ಬೀಳುವುದು ನಿಂತಿತು. ಬಟ್ಟೆ ಭಾರವಾಗಿ ತೂಗುತ್ತಿತ್ತು, ಆಮೇಲೆ ಹಗುರವಾಗಿ ಆಡತೊಡಗಿತು, ಆಮೇಲೆ ಗಾಳಿಗೆ ಪಟಪಟ ಎಂದಿತು. ಆ ಹೊತ್ತಿಗೆ ಅವಳು ಬುತ್ತಿಯ ಉಪ್ಪಿನಕಾಯಿ ಎಲೆಗೆ ಸೋರಿದೆಯೋ ಏನೋ ಎಂದು ಯೋಚಿಸುತ್ತಿದ್ದಳು. ಹಕ್ಕಿ ಇನ್ನೂ ಅನ್ನುತ್ತಲೇ ಇತ್ತು. ಅದನ್ನು ಕಂಡು ಅವಳಿಗೇ ಆಶ್ಚರ್ಯ.

ಗುರುವಾರ ಗಂಡನನ್ನೂ ಕರೆತರಲು ವೈದ್ಯೆ ಹೇಳಿದ್ದಳು. ಅವನು ದಾರಿಗಿರಲಿ ಎಂದು ಅಕ್ಕಿಯ ಚೀಲ ಹೆಗಲಿಗೇರಿಸಿಕೊಂಡೇ ಬಂದ. ವೈದ್ಯೆ ಚೀಲ ಇಳಿಸಿಕೊಂಡಳು.

“ಅವಳು ಅಳ್ತಾಳೆ ತಾಯಿ. ನಾನು ನೋಡ್ಕೊಂಡು ಕೂತಿರಲಾ?”

“ಕೂತಿರಿ. ಪಕ್ಕದಲ್ಲೇ ಕೂತಿರಿ. ಹಗ್ಗ ಹೊಸೆಯೋದಾದರೆ ಹೊಸೆಯಿರಿ.”

“‘ಬಿಡಲಿಲ್ಲ ತಾನೇ’ ಅಂತ ಕೇಳಿದರೆ?”

“‘ನನಗೆ ಗೊತ್ತಿಲ್ಲ ಕಣೇ, ನಾನಿಲ್ಲೇ ಇದ್ದೀನಿ’ ಅನ್ನಿ.”

ಅವನು ಹೆಂಡತಿಯ ಪಕ್ಕದಲ್ಲಿ ಕೂತ. ಆಮೇಲೆ ಅವಳ ಮುಖ ನೋಡದೆ, ನಲವತ್ತು ವರ್ಷದಲ್ಲಿ ಮೊದಲ ಸಲ ಹೇಳಿದ. “ನನ್ನ ಹಕ್ಕಿ, ನಾನು ಹೊಸೆದ ಹಗ್ಗ ಕಿತ್ತು ಯಾರೋ ಬಾವಿಗೆ ಬೀಳ್ತಾರೆ ಅನ್ನುತ್ತೆ.”

“ನೀವು ಯಾವತ್ತೂ ಹೇಳಲೇ ಇಲ್ಲವಲ್ಲ ರೀ?”

“ನೀನು ಕೇಳಿದರೆ ಬಾವಿಯ ನೀರು ಸೇದೋದು ಬಿಡ್ತೀಯ ಅಂತ.”

ಆ ದಿನ ವಾಪಸು ಬರುವಾಗ ಇಬ್ಬರೂ ಹೊಸ ಮದುವೆಯವರ ಹಾಗೆ ಏನೇನೋ ಮಾತಾಡಿಕೊಂಡು ಬಂದರು.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿಬಿಟ್ಟರೆ ನನಗೂ ಸುಲಭ, ನಿಮಗೂ ಸುಲಭ. ಹಾಗಾಗಲಿಲ್ಲ. ಮನೆಯ ಗೋಡೆಯೆದುರು ಕಾಳಿಲ್ಲದೆ ಕೂತ ಮೊದಲ ವಾರ ಹಕ್ಕಿಗಳು ಊರೇ ತಿರುಗಿ ನೋಡುವ ಹಾಗೆ ರೆಕ್ಕೆ ಬಡಿದವು; ಕೊಡುತ್ತಿದ್ದ ಕೈ ನಿಂತರೆ ಯಾರು ತಾನೇ ಸುಮ್ಮನಿರುತ್ತಾರೆ? ಒಂದು ಮೋಡದ ಸೋಮವಾರ ಚಾವಡಿಯಲ್ಲಿ ಬಟ್ಟೆ ಒಣಗಲೇ ಇಲ್ಲ. ಎದ್ದು ಹೋಗಿಬಿಡುತ್ತೇನೆ ಎಂದು ಮೂರು ಸಲ ಎದ್ದಳು, ಮೂರು ಸಲ ಕೂತಳು. ಸಂಜೆಯಾದರೂ ಬಟ್ಟೆ ತಣ್ಣಗೇ ಇತ್ತು. ವೈದ್ಯೆ ಮುಟ್ಟಿ ನೋಡಿ, “ಪೂರ್ತಿ ಒಣಗಬೇಕು ಅಂತೇನಿಲ್ಲ, ಹಸಿ ಇದ್ದರೂ ಹೊದ್ದುಕೊಂಡು ಹೋಗಬಹುದು,” ಎಂದಳು. ಇನ್ನೊಂದು ದಿನ, ಮಗು ತೊಟ್ಟಿಲಲ್ಲಿ ಕೆಮ್ಮಿತು ಎಂಬ ನೆಪಕ್ಕೆ, ಯಾರಿಗೂ ಕಾಣದ ಹಾಗೆ ಹಿತ್ತಿಲಿಗೆ ಹೋಗಿ ಏಳು ಹಿಡಿ ಹಾಕಿಯೇಬಿಟ್ಟಳು. ಮಾರನೆಯ ದಿನ ಗೋಡೆ ಮತ್ತೆ ಹಕ್ಕಿಗಳಿಂದ ಬೂದಿಬಣ್ಣವಾಯಿತು. ಚಾವಡಿಗೆ ಹೋಗಿ ಅಪರಾಧಿಯ ಹಾಗೆ ನಿಂತಳು.

“ಹಾಕಿದಿರಾ?”

“ಹಾಕಿದೆ.”

“ರುಚಿಯಾಗಿತ್ತಂತಾ?” ಎಂದು ಕೇಳಿ ವೈದ್ಯೆ ಬಟ್ಟೆ ನೆನೆಸಲು ಬಕೆಟ್ಟು ಮುಂದೆ ತಳ್ಳಿದಳು.

ಮತ್ತೆ ಎರೆಯುವ ಅಭ್ಯಾಸವನ್ನು ಕುಂಬಳಕಾಯಿಯಿಂದಲೇ ಶುರುಮಾಡಿಸಿದಳು ವೈದ್ಯೆ. ಬೇಕೆಂದೇ ಎಣ್ಣೆ ಹಚ್ಚಿ, ಬೇಕೆಂದೇ ಜಾರಿಸಿ. ಆಮೇಲೆ ಮಗಳ ಮಡಿಲಲ್ಲಿದ್ದ ಮಗುವಿನ ಅಂಗಾಲು ಮುಟ್ಟುವುದು. ಮುಟ್ಟಿ, ಹಕ್ಕಿಯ ಮಾತು ಕೇಳಿ, ಬಟ್ಟೆ ಒಣಗುವವರೆಗೆ ಕೈ ತೆಗೆಯದಿರುವುದು. ಆಮೇಲೆ ಎತ್ತಿಕೊಳ್ಳುವುದು, ಆಮೇಲೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಆ ಗೋಡೆಯ ಎದುರೇ ನಿಲ್ಲುವುದು. ಕಷಾಯವೂ ಒಳಗೊಳಗೆ ಏನೋ ಮಾಡುತ್ತಿತ್ತು. ಹಕ್ಕಿಯ ದನಿ ಮೊದಲು ಕಿವಿಯೊಳಗೇ ಇದ್ದದ್ದು ಈಗ ಗೋಡೆಯಷ್ಟು ದೂರ ಹೋಗಿತ್ತು. ಬಳಗದ ಹಕ್ಕಿಗಳು ಒಂದೊಂದೇ ಬೇಸತ್ತು ಹೋದವು. ನಾಲ್ಕು ಉಳಿದವು. ಎರಡು ಉಳಿದವು. ಐದನೆಯ ತಿಂಗಳು ಮುಗಿಯುವ ಹೊತ್ತಿಗೆ, ಮೊದಲಿನಂತೆ, ಒಂದು.

ಆದರೆ ಮಗುವಿಗೆ ನೀರು ಮಾತ್ರ ಅವಳು ಇನ್ನೂ ಎರೆದಿರಲಿಲ್ಲ.

ಕಡೆಯ ಗುರುವಾರ ಅವಳು ಕೇಳಿದಳು. “ನಾಳಿದ್ದು ಗಾಡಿ ಬರುತ್ತೆ. ನೀವು ಒಂದು ಹೊತ್ತು ನಮ್ಮ ಮನೆಗೆ ಬರ್ತೀರಾ ತಾಯಿ? ಬಚ್ಚಲ ಬಾಗಿಲಲ್ಲಿ ನಿಂತಿದ್ದರೆ ಸಾಕು.”

“ಬರೋದಿಲ್ಲ ಅಮ್ಮ.”

“ಗೊತ್ತಿತ್ತು. ಅದೂ ಕಾಳೇ,” ಎಂದಳು ಎರೆಯುವಾಕೆ.

ವೈದ್ಯೆ ತುರುಬಿನ ಸೀಸದಕಡ್ಡಿ ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು. “ನನಗೂ ಬರಬೇಕು ಅಂತ ಆಸೆ ಇದೆ,” ಎಂದಳು.

ಆ ಬೆಳಗ್ಗೆ ಗಾಡಿ ಹೊತ್ತಿಗೆ ಮುಂಚೆಯೇ ಬಂತು. ಗಾಡಿಯವನು ಎತ್ತುಗಳಿಗೆ ಹುಲ್ಲು ಹಾಕಿ, ಬಿಸಿಲೇರುವುದರೊಳಗೆ ಹೊಳೆ ದಾಟಬೇಕು ಎಂದು ಸಾರಿಸಾರಿ ಹೇಳಿದ. ಮಗಳು ಗಂಟುಮೂಟೆ ಕಟ್ಟುತ್ತಿದ್ದಳು. ಹಗ್ಗ ಹೊಸೆಯುವವನು ಅದನ್ನು ಬಿಗಿಯುತ್ತಿದ್ದ. ಹಪ್ಪಳದಾಕೆ ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಬಂದಳು, ಬಾಗಿಲಲ್ಲೇ ನಿಂತಳು. ಮಣೆಯ ಮೇಲೆ ಬೇರೆಯವರು ಕೂತಿದ್ದರು.

“ನನ್ನ ಕೆಲಸ ಹೋಯ್ತಲ್ಲ ಅಕ್ಕಾ,” ಎಂದಳು.

“ಹೋಗು, ನಿನ್ನ ವಿಷ ಕಲಸು ಹೋಗು,” ಎಂದಳು ಎರೆಯುವಾಕೆ.

ಮಗಳು ಮಗುವನ್ನು ತಂದು ಅಮ್ಮನ ಕಾಲಿನ ಮೇಲೆ ಬೋರಲು ಮಲಗಿಸಿದಳು. ಒಂದು ಗಳಿಗೆ ನಿಂತಳು. ಏನೋ ಹೇಳಲು ಬಾಯಿ ತೆರೆದಳು. ನಿನ್ನಿಂದ ಆಗುತ್ತದೆ, ನೀನು ಬಿಡುವುದಿಲ್ಲ ಎಂಬಂಥದ್ದೇ ಇರಬೇಕು. ಹೇಳದೆ, ಬಾಗಿಲು ಮುಂದಕ್ಕೆಳೆದುಕೊಂಡು ಹೊರಗೆ ಹೋದಳು.

ಬಚ್ಚಲಿನ ಕಿಂಡಿಯಿಂದ ಗೋಡೆ ಕಾಣುತ್ತಿತ್ತು, ಗೋಡೆಯ ಮೇಲೆ ಅದು. ಬಿಟ್ಟುಬಿಡ್ತೀಯ, ಎಂದಿತು. ಎರೆಯುವಾಕೆ ಎಣ್ಣೆ ಹಚ್ಚಿದಳು. ಐದು ತಿಂಗಳು ಗೋಡೆಯ ಆಚೆಯಿಂದ ಊಹಿಸಿದ್ದ ಬರಿಬೆನ್ನು. ಊಹೆಗಿಂತ ಚಿಕ್ಕದು, ಊಹೆಗಿಂತ ಬಿಸಿ. ಬಿಟ್ಟುಬಿಡ್ತೀಯ. ಮೊಣಕೈ ಅದ್ದಿದಳು. ಇನ್ನೊಮ್ಮೆ ಅದ್ದಬೇಕೆನಿಸಿತು, ಅದ್ದಲಿಲ್ಲ. ಚೊಂಬು ಎತ್ತಿದಳು. ಬೆನ್ನಿಗೆ ಸುರಿದಳು. ಮಗು ಕಿರುಚಿತು. ಅವಳಿಗೆ ಬಾಯಲ್ಲಿ ಮಾತು ಬರಲಿಲ್ಲ, ಎರಡನೆಯ ಚೊಂಬಿಗೂ ಬರಲಿಲ್ಲ. ಮೂರನೆಯದಕ್ಕೆ, ಯಾರೋ ಬೇರೆಯವರು ಹೇಳಿದ ಹಾಗೆ, “ತೊಡೆಯೇ ಕಂಬವಾಗು” ಎಂಬುದು ಕೇಳಿಸಿತು. ಅಂಗಾತ ಮಾಡಿದಳು. ಹಣೆಗೆ ಎಡಗೈ ಅಡ್ಡ ಹಿಡಿದಳು. ನೀರು ಹರಿಯಿತು, ನೆತ್ತಿಯಿಂದ ಅವಳ ಕಾಲಿಗೆ, ಕಾಲಿನಿಂದ ಬಚ್ಚಲಿನ ಕಲ್ಲಿಗೆ. ಮಗು ಅಳು ನಿಲ್ಲಿಸಿ, ಬಾಯಿಗೆ ಬಂದ ನೀರನ್ನು ಚಪ್ಪರಿಸಿತು.

ಹಂಡೆ ಬರಿದಾಯಿತು. ಹೊರಗೆ ಗಾಡಿಯವನು ಎತ್ತುಗಳನ್ನು ನೊಗಕ್ಕೆ ಕಟ್ಟುತ್ತಾ ಗದರುವುದು ಕೇಳಿಸುತ್ತಿತ್ತು. ಮಗಳು ಒಣ ಬಟ್ಟೆ ಹಿಡಿದುಕೊಂಡು ಬಾಗಿಲು ತೆರೆದಳು. ಅಮ್ಮ ತನ್ನ ಮುಖ ನೋಡಿ ಕೇಳುತ್ತಾಳೆ, ಬಿಡಲಿಲ್ಲ ತಾನೇ ಎಂದು ಕೇಳುತ್ತಾಳೆ ಎಂದು ಕಾದಳು. ಅಮ್ಮ ಕೇಳಲೂ ಹೊರಟಳು. ತುಟಿ ಆ ಮಾತಿಗೆ ಸಿದ್ಧವಾದದ್ದು ಮಗಳಿಗೆ ಕಂಡಿತು. ಆಮೇಲೆ ಆ ತುಟಿ ಸುಮ್ಮನಾಯಿತು.

“ಶ್,” ಎಂದಳು ಎರೆಯುವಾಕೆ. “ನಿದ್ದೆ ಹೋಗಿದೆ.”

ಎರೆದ ಮಕ್ಕಳು ಹಾಗೇ. ಬಿಸಿನೀರು ನಿಂತದ್ದೇ, ಎಲ್ಲಿದ್ದರೆ ಅಲ್ಲಿ. ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ, ಮುಷ್ಟಿ ಬಿಗಿಹಿಡಿದು, ಬಾಯಿ ಅರ್ಧ ತೆರೆದು ಮಲಗಿತ್ತು.

“ಎತ್ತಿಕೊಡಮ್ಮ, ಹೊತ್ತಾಯ್ತು. ಹೊಳೆ ದಾಟಬೇಕಂತೆ.”

“ಹೊಳೆ ಎಲ್ಲಿಗೂ ಹೋಗಲ್ಲ. ಬಟ್ಟೆ ಹೊದಿಸು.”

ಮಗಳು ಹೊದಿಸಿದಳು. ಗಾಡಿಯವನು ಇನ್ನೆರಡು ಸಲ ಕೂಗಿ, ನೊಗ ಬಿಚ್ಚಿ, ಎತ್ತುಗಳಿಗೆ ಮತ್ತೆ ಹುಲ್ಲು ಹಾಕಿದ. ಬಿಸಿಲು ಬಚ್ಚಲ ಬಾಗಿಲಿಗೆ ಬಂತು, ಹೊಸ್ತಿಲು ದಾಟಿತು. ಎರೆಯುವಾಕೆಯ ಕಾಲು ಹಿಮ್ಮಡಿಯಿಂದ ಜೋಮು ಹಿಡಿಯತೊಡಗಿತು. ಮೊಣಕಾಲಿನವರೆಗೆ ಬಂತು. ಜೋಮು ಹಿಡಿದ ಕಾಲಿನಿಂದ ಮಗು ಜಾರುತ್ತದೆ ಎಂದು ಕಿಂಡಿಯಾಚೆಯ ಗೋಡೆಯಿಂದ ಯಾರೋ ಹೇಳಿದರು. ಅವಳು ಕಾಲು ಕದಲಿಸಲಿಲ್ಲ. ತೊಡೆಯವರೆಗೆ ಜೋಮು ಏರಿತು, ತನ್ನ ಕಾಲು ಯಾವುದು, ಮಗುವಿನ ಭಾರ ಯಾವುದು ಎಂದು ತಿಳಿಯದಷ್ಟು ಏರಿತು.

ಏರಲಿ, ಎಂದುಕೊಂಡಳು.